ಪೋತ್ನಾಳದಲ್ಲಿ ಹಗಲಿನ ಶುಕ್ರ

ಸೂರ್ಯಗ್ರಹಣವೆಂದು ರಾಯಚೂರಿನ ಬಸ್ಸು ಪೋತ್ನಾಳದಲ್ಲೇ ನಿಂತುಬಿಟ್ಟಿತು. ಅಂಗಡಿ, ಮನೆಗಳೆಲ್ಲ ಬಾಗಿಲು ಹಾಕಿದ್ದವು. ಪ್ರಯಾಣಿಕರು ಬಸ್ಸಿನೊಳಗೇ ತಲೆ ತಗ್ಗಿಸಿ ಕೂತರು. ಗ್ರಹಣ ನೋಡಲೆಂದೇ ಮೈಸೂರಿನಿಂದ ಬಂದಿದ್ದ ನಾನೊಬ್ಬನೇ ರಸ್ತೆಗಿಳಿದೆ.

ಬೆಳಕು ಕುಗ್ಗುತ್ತಲೇ ಸಂಜೆಯಾಯಿತೆಂದುಕೊಂಡು ಕುರಿಗಳು ಊರಿನತ್ತ ಬಂದವು. ಹಿಂದೆಯೇ ಅವನ್ನು ಕಾಯುವ ಮುದುಕಿ. ಸೂರ್ಯ ಪೂರ್ತಿ ಮುಚ್ಚಿಹೋದ.

“ಯಪ್ಪಾ, ಹಗಲೊತ್ತಿನ್ಯಾಗ ಚುಕ್ಕಿ ಕಾಣಾಕತ್ತದಲ್ಲ!”

“ಅದು ಶುಕ್ರಗ್ರಹ, ಅಜ್ಜಿ. ದಿನಾ ಅಲ್ಲೇ ಇರುತ್ತೆ, ಬಿಸಿಲಿಗೆ ಕಾಣೋದಿಲ್ಲ.”

ಆಕೆ ಕತ್ತೆತ್ತಿ ನೋಡುತ್ತಲೇ ನಿಂತಳು.

“ಹೊರಗೆ ಹೋಗಬೇಡ ಅಂತ ಮನೆಯಲ್ಲಿ ಯಾರೂ ಹೇಳಲಿಲ್ವಾ?” ಎಂದೆ.

“ಹೇಳಾಕ ಯಾರದಾರ? ನಿನಗ ಅದಾರೇನು?”

ಇಲ್ಲವೆಂದು ತಲೆಯಾಡಿಸಿದೆ. ಬೆಳಕು ಮರಳುವವರೆಗೂ ಇಬ್ಬರೂ ಮೇಲೆ ನೋಡಿದೆವು. ಕುರಿಗಳು ಮತ್ತೆ ಮೇಯಲು ತಿರುಗಿದವು. ಅವುಗಳ ಹಿಂದೆ ಹೊರಟ ಮುದುಕಿ ತುಸು ನಿಂತು ಹೇಳಿದಳು: “ಇಬ್ಬರಿದ್ವಿ, ಛಲೋ ಆತು.”