ಕುಂಕುಮದಡಿಯ ಹಾಡು

ಶಂಕರಪುರಂನ ಚೂಡಾಮಣಿಗೆ ತಲೆ ಕೆಟ್ಟಿದೆ ಎಂದು ಬೀದಿಯವರು ಮಾತಾಡಿಕೊಳ್ಳುತ್ತಿದ್ದದ್ದು ನಿಜ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ, ನಲವತ್ತರ ಹತ್ತಿರದ ಹೆಂಗಸು ಬೀರುವಿನಲ್ಲಿ ರೇಷ್ಮೆ ಸೀರೆ ಇಡುವ ಜಾಗದಲ್ಲಿ ಮುರಿದ ಡ್ರಮ್ ಕಡ್ಡಿ, ಗೋಡೆಯಿಂದ ಕಿತ್ತು ತಂದ ಪೋಸ್ಟರು, ಯಾರೋ ಕೈಗೆ ಕಟ್ಟಿಕೊಂಡು ಬಿಸಾಕಿದ ಪ್ರವೇಶದ ಪಟ್ಟಿ ಇಟ್ಟುಕೊಂಡರೆ ಜನ ಇನ್ನೇನು ತಾನೇ ಅಂದಾರು? ಅವೆಲ್ಲವೂ ಒಂದೇ ಸಂಜೆಯವು. ತೊಂಬತ್ತಾರರಲ್ಲಿ ಇಂಗ್ಲೆಂಡಿನ ಹೆಸರಾಂತ ರಾಕ್ ಬ್ಯಾಂಡೊಂದು ಅರಮನೆ ಮೈದಾನದಲ್ಲಿ ಹಾಡಿದ ಸಂಜೆ. ಆ ಸಂಜೆ ಚೂಡಾಮಣಿ ಅಲ್ಲಿರಲೇ ಇಲ್ಲ.

ಅಣ್ಣ ಶೀನಣ್ಣ ಇಬ್ಬರಿಗೂ ಟಿಕೆಟ್ ತಂದಿದ್ದ. ಅಂದು ಬೆಳಿಗ್ಗೆಯೇ ಮತ್ತಿಕೆರೆಯಿಂದ ಗಂಡಿನ ಕಡೆಯವರು ಹೇಳಿಕಳಿಸಿದರು, ಸಂಜೆ ಹೆಣ್ಣು ನೋಡಲು ಬರುತ್ತೇವೆಂದು.

"ಹಾಡೋರು ಇನ್ನೊಂದ್ಸಲ ಬರ್ತಾರೆ ಕಣೇ, ಇಂಥಾ ಸಂಬಂಧ ಬರಲ್ಲ" ಎಂದರು ಅಪ್ಪ.

ಬಂದವರು ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಹೋಗಿ ತಿಳಿಸುತ್ತೇವೆ ಎಂದರು. ಇವತ್ತಿನವರೆಗೂ ತಿಳಿಸಿಲ್ಲ. ಅವರ ಹೊಟ್ಟೆ ತಣ್ಣಗಿರಲಿ ಎನ್ನುವಷ್ಟು ದೊಡ್ಡ ಮನಸ್ಸು ಯಾರಿಗಿದ್ದೀತು!

ಒಬ್ಬನೇ ಹೋಗಿ ಬಂದಿದ್ದ ಶೀನಣ್ಣನಿಗೆ ಮಾರನೆಯ ಬೆಳಿಗ್ಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು. ತಂಗಿಯ ಮುಖ ನೋಡಿ, "ನಿನ್ ಹಾಡು ಹಾಡ್ಲೇ ಇಲ್ಲ ಚೂಡಿ. ನೀನೇನೂ ಕಳ್ಕೊಂಡಿಲ್ಲ" ಎಂದ.

ಅವಳ ಹಾಡು ಎಂದರೆ ಆ ಬ್ಯಾಂಡಿನ ನಿಧಾನದ ಹಾಡೊಂದು. ಅಮ್ಮ ತೀರಿಕೊಂಡ ವರ್ಷ ಕ್ಯಾಸೆಟ್ಟು ಸವೆಯುವಷ್ಟು ಅದನ್ನು ಕೇಳಿಯೇ ಅವಳು ದಿನ ದೂಡಿದ್ದಳು. ಅದನ್ನು ಹಾಡಲಿಲ್ಲ ಎಂಬ ಅಣ್ಣನ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಆ ಸಂಜೆಯನ್ನೂ ನುಂಗಿಕೊಂಡಳು.

ಆರು ವರ್ಷ ಆ ಸಮಾಧಾನ ನಡೆಯಿತು. ಆಮೇಲೊಂದು ದಿನ ಗಾಂಧಿಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತಾಗ, ಆ ಪ್ರವಾಸದಲ್ಲಿ ಬ್ಯಾಂಡು ಯಾವ ಊರಿನಲ್ಲಿ ಏನೇನು ಹಾಡಿತೆಂಬ ಪಟ್ಟಿ ಕಣ್ಣಿಗೆ ಬಿತ್ತು. ಪ್ರತಿ ಊರಿನಲ್ಲೂ ಅವಳ ಹಾಡಿತ್ತು. ಬೆಂಗಳೂರಿನ ಎದುರು ಮಾತ್ರ ಯಾವ ಹಾಡನ್ನೂ ಬರೆಯದ ಖಾಲಿ ಜಾಗ. ಅವತ್ತಿನಿಂದ ನೆಮ್ಮದಿ ಹಾರಿಹೋಯಿತು. ಶೀನಣ್ಣನನ್ನು ಕೇಳಿದರೆ ಮಾತು ಬದಲಾಯಿಸಿದ. ಹೋಗಿದ್ದವರನ್ನು ಕೇಳಿದರೆ ಒಬ್ಬ ಹಾಡಿದರು ಎಂದ, ಇನ್ನೊಬ್ಬ ಇಲ್ಲವೇ ಇಲ್ಲ ಎಂದ. ಕುಡಿದು ಕುಣಿದವರ ನೆನಪನ್ನು ನಂಬುವುದುಂಟೇ? ಯಾವ ಹಾಡಾದ ಮೇಲೆ ಯಾವುದು ಎಂದು ಬ್ಯಾಂಡಿನವರೇ ಬರೆದು ವೇದಿಕೆಯಲ್ಲಿ ಇಟ್ಟುಕೊಳ್ಳುವ ಹಾಳೆ ಸಿಕ್ಕರೆ ಮಾತ್ರ ಸತ್ಯ ತಿಳಿಯುತ್ತದೆ ಎಂದು ಅವಳು ಹಟ ಹಿಡಿದಳು. ಭಾನುವಾರ ಬಂತೆಂದರೆ ಮಾರ್ಕೆಟ್ಟಿನ ಗುಜರಿ ಅಂಗಡಿ, ಮೈಕ್ ಸೆಟ್ಟಿನವರ ಗೋಡೌನು, ಪೋಸ್ಟರು ಅಂಟಿಸುವವರ ಮನೆ. ಐದು ವರ್ಷ ಹೀಗೆ ಅಲೆದಳು. ಪೋಸ್ಟರು ಸಿಕ್ಕಿತು, ಕಡ್ಡಿ ಸಿಕ್ಕಿತು, ಆ ಹಾಳೆ ಮಾತ್ರ ಸಿಗಲಿಲ್ಲ.

ಎರಡು ಸಾವಿರದ ಏಳರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆ ಕಟ್ಟಲು ಚಾಮರಾಜಪೇಟೆಯ ಅಂಜನಪ್ಪ ಬಂದ. ಮಾತಿಗೆ ಮಾತು ಬಂದು, "ಆ ಇಂಗ್ಲೆಂಡಿನೋರ್ಗೂ ನಾವೇ ಸ್ಟೇಜ್ ಹಾಕಿದ್ದು ಟೀಚರಮ್ಮ. ಅವ್ರ ಹಾಡಿನ ಹಾಳೆ ನಮ್ಮ ದೇವ್ರ ಗೂಡಲ್ಲಿದೆ" ಎಂದ. ಚೂಡಾಮಣಿಯ ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗೆ ಬಿತ್ತು.

ಅಂದು ಸಂಜೆಯೇ ಅವನ ಮನೆಯಲ್ಲಿದ್ದಳು. ಹಾಳೆ ಕೊಡಿ ಎಂದು ಕೈಮುಗಿದಳು.

"ಅದೊಂದ್ ಕೇಳ್ಬೇಡಿ" ಎಂದ ಅಂಜನಪ್ಪ. "ಅದು ಮನೆಗ್ ಬಂದ್ಮೇಲೇನೇ ನಮ್ಗೆ ದೊಡ್ಡ ಕೆಲಸ ಸಿಕ್ಕಿದ್ದು. ಕಾಲ್ ತೊಳ್ಕೊಂಡ್ ಬಂದು ನೋಡಿ ಬೇಕಾದ್ರೆ."

ಕಾಲು ತೊಳೆದು ಬಂದಳು. ಲಕ್ಷ್ಮಿಯ ಪಟದ ಪಕ್ಕದಲ್ಲಿ, ಎಣ್ಣೆ ಜಿಡ್ಡು ಹತ್ತಿ ಕಂದುಬಣ್ಣವಾದ ಹಾಳೆ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಹದಿನೇಳು ಸಾಲಿನಲ್ಲಿ ಹದಿನಾರು ಓದಲು ಬಂದವು. ಅವುಗಳಲ್ಲಿ ಅವಳ ಹಾಡಿರಲಿಲ್ಲ. ಉಳಿದ ಒಂದು ಸಾಲಿನ ಮೇಲೆ ಅರಿಶಿನ ಕುಂಕುಮ ದಪ್ಪಗೆ ಹೆಪ್ಪುಗಟ್ಟಿತ್ತು.

"ಬೊಟ್ಟು ಇಲ್ಲೇ ಯಾಕೆ ಇಟ್ರಿ?" ಎಂದಳು. ದನಿ ಚೀರಿದಂತೆ ಹೊರಟಿತು.

ಅಂಜನಪ್ಪನ ಹೆಂಡತಿ ಮುನಿಯಕ್ಕ ಗಾಬರಿಯಾದಳು. "ಆ ಸಾಲೊಂದಕ್ಕೇ ಗುಂಡಗೆ ಸುತ್ತು ಹಾಕಿದ್ರಮ್ಮ. ಮುಖ್ಯವಾದ್ದು ಇರ್ಬೇಕು ಅಂತ ಪ್ರತಿ ಶುಕ್ರವಾರ ಅಲ್ಲಿಗೇ ಬೊಟ್ಟಿಟ್ಟೆ."

ಹನ್ನೊಂದು ವರ್ಷದ ಶುಕ್ರವಾರಗಳು! ಚೂಡಾಮಣಿ ಉಗುರಿನಿಂದ ಕೆರೆಯಲು ಹೋದಳು. ಮುನಿಯಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು. ಆಗ ಆ ಲೆಕ್ಕದ ಮೇಡಂ, ತರಗತಿಯಲ್ಲಿ ಎಂದೂ ದನಿ ಏರಿಸದವಳು, ಪರರ ಮನೆಯ ನೆಲದ ಮೇಲೆ ಕುಸಿದು ಅತ್ತುಬಿಟ್ಟಳು.

"ಹಾಳೆ ಬೇಡ ಮುನಿಯಕ್ಕ. ಅದು ನನ್ನ ಹಾಡು ಹೌದೋ ಅಲ್ವೋ, ಅಷ್ಟ್ ಗೊತ್ತಾದ್ರೆ ಸಾಕು."

ಮುನಿಯಕ್ಕ ಪಕ್ಕದಲ್ಲಿ ಕೂತಳು. "ನಂಗ್ ಓದಕ್ ಬರಲ್ಲ ತಾಯಿ. ಆದ್ರೆ ಸುತ್ತು ಹಾಕಿದ್ದು ಯಾವ ಹಾಡಿಗೆ ಅಂತ ಗೊತ್ತು. ಅದು ಬಂದಾಗ ಲೈಟೆಲ್ಲ ಆರಿಸಿ ಅಂತ ಜನರೇಟರ್ ಹತ್ರ ಇದ್ದ ನಮ್ಮೋರ್ ಕೈಗೆ ಆ ಹಾಳೆ ಕೊಟ್ಟಿದ್ರು. ನಾನೂ ಅಲ್ಲೇ ಇದ್ದೆ. ಕತ್ಲಲ್ಲಿ ಒಬ್ನೇ ಹಾಡ್ದ. ಭಾಷೆ ತಿಳೀಲಿಲ್ಲ, ಸುಮ್ನೆ ಅಳು ಬಂತು. ಬೊಟ್ಟಿಡೋವಾಗ ಅದ್ನೇ ಗುನುಗ್ತೀನಿ."

ಕಣ್ಣು ಮುಚ್ಚಿ ಗುನುಗಿದಳು. ಮಾತಿಲ್ಲ, ಬರೀ ಧಾಟಿ. ಅಲ್ಲಲ್ಲಿ ಸೋಬಾನೆ ಪದದ ಹಾಗೆ ಬಳುಕುತ್ತಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಚೂಡಾಮಣಿಗೆ ಗೊತ್ತಾಗಿಹೋಯಿತು.

ಹಾಡಿದ್ದರು. ದೀಪವನ್ನೆಲ್ಲ ಆರಿಸಿ, ಅದೊಂದನ್ನೇ ಬೇರೆಯಾಗಿ, ಊರಿಗೆ ಊರೇ ಕೇಳುವಂತೆ ಹಾಡಿದ್ದರು. ಶೀನಣ್ಣ ಅದನ್ನು ಕೇಳಿ ಬಂದು ಅವಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಂದ ಆಗಲಿಲ್ಲ.

ಅವಳ ಅಳು ಜೋರಾದದ್ದು ಕಂಡು ಮುನಿಯಕ್ಕ ಹೆದರಿ ಹಾಡು ನಿಲ್ಲಿಸಿದಳು.

"ನಿಲ್ಲಿಸ್ಬೇಡಿ" ಎಂದಳು ಚೂಡಾಮಣಿ, ಅವಳ ಎರಡೂ ಕೈ ಹಿಡಿದುಕೊಂಡು. "ನಾನು ಅವತ್ತು ಬಂದಿರ್ಲಿಲ್ಲ."