ಎಡಗಡೆ ಚೈನ್ ಬಿಗಿದ ಹನುಮಂತರಾಜಣ್ಣ

ನಮ್ಮ ನನ್ನಿವಾಳದ ಹನುಮಂತರಾಜಣ್ಣನಷ್ಟು ಚೆನ್ನಾಗಿ ಚೈನ್ ಮಿಷಿನ್ ಓಡಿಸುವವರನ್ನು ನಾನಂತೂ ನೋಡಿಲ್ಲ. ಚಕ್ರದ ಬದಲು ಕಬ್ಬಿಣದ ಚೈನಿನ ಮೇಲೆ ನಡೆದು ಮಣ್ಣು ಅಗೆಯುತ್ತದಲ್ಲ, ಅದು. ಕೆರೆ ಏರಿಯ ಇಳಿಜಾರನ್ನು ಬಕೆಟ್ಟಿನ ಬೆನ್ನಿನಿಂದ ಎಷ್ಟು ನುಣ್ಣಗೆ ಸವರುತ್ತಾನೆ ಅಂದರೆ, ಯಾರೋ ಬಂದು ಸಗಣಿ ಸಾರಿಸಿ ಹೋಗಿದ್ದಾರೆ ಅನ್ನಬೇಕು, ಹಾಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದೆಲ್ಲ ಅವನ ಹೊಟ್ಟೆಕಿಚ್ಚಿನ ವಿಷಯ.

ಹೊಟ್ಟೆಕಿಚ್ಚು ಅಂದರೆ ಸಣ್ಣಪುಟ್ಟದ್ದಲ್ಲ. ಅವನು ಜೀವನದಲ್ಲಿ ಕಲಿತದ್ದೆಲ್ಲ ಅದರಿಂದಲೇ. ಈಜು ಕಲಿತದ್ದು, ಅಣ್ಣ ಬಾವಿಗೆ ಹಾರಿದಾಗ ಹುಡುಗರೆಲ್ಲ ಕೇಕೆ ಹಾಕಿದ್ದನ್ನು ಸಹಿಸಲಾರದೆ. ತೆಲುಗು ಕಲಿತದ್ದು ಮೊಳಕಾಲ್ಮೂರಿನ ಹತ್ತಿರ ರಸ್ತೆ ಕೆಲಸಕ್ಕೆ ಹೋದಾಗ. ಜೊತೆಗಿದ್ದ ಒಬ್ಬ, ರಾಯದುರ್ಗದ ಕಡೆಯ ಕೂಲಿಯವರಿಗೆ ತೆಲುಗಿನಲ್ಲಿ ಏನೋ ಹೇಳಿ ನಗಿಸುತ್ತಿದ್ದನಂತೆ. ಆ ನಗು ಕೇಳಿದರೆ ಇವನಿಗೆ ಬುತ್ತಿಯ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಬೇಸಿಗೆ ಕಳೆಯುವುದರೊಳಗೆ ಇವನೇ ತೆಲುಗಿನಲ್ಲಿ ಜೋಕು ಹೊಡೆಯತೊಡಗಿದ, ಆ ಇನ್ನೊಬ್ಬ ಸುಮ್ಮನಾದ.

ಮಿಷಿನ್ ಹತ್ತಿದ್ದೂ ಹಾಗೇ. ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದವನು ಒಂದು ದಿನ ತಲೆ ಎತ್ತಿ ನೋಡಿದ. ಕ್ಯಾಬಿನ್ನಿನ ನೆರಳಲ್ಲಿ ಆಪರೇಟರ್ ಬೀಡಿ ಸೇದುತ್ತಾ, ಎರಡು ಬೆರಳಲ್ಲಿ ಲಿವರ್ ಆಡಿಸುತ್ತಾ, ನೂರಾರು ಮಂಕರಿ ಮಣ್ಣನ್ನು ಒಂದೇ ಸಲ ಎತ್ತಿ ಹಾಕುತ್ತಿದ್ದ. ಅಷ್ಟೇ, ಉರಿ ಹತ್ತಿಕೊಂಡಿತು. ಆ ಆಪರೇಟರಿಗೆ ಟೀ ತಂದುಕೊಟ್ಟ, ಚೈನಿಗೆ ಮೆತ್ತಿದ ಮಣ್ಣು ಕೆರೆದ, ಗ್ರೀಸ್ ಹೊಡೆದ, ಬಟ್ಟೆ ಕೂಡ ಒಗೆದುಕೊಟ್ಟ ಅನ್ನುತ್ತಾರೆ. ಕೊನೆಗೆ ಲಿವರ್ ಮುಟ್ಟಲು ಬಿಟ್ಟರು. ಆಮೇಲೆ ಇಳಿಸುವುದೇ ಕಷ್ಟವಾಯಿತು.

ಅವನ ಹೆಂಡತಿ ಪಾಪಕ್ಕ ಇದನ್ನು ಮುಚ್ಚಿಡುವವಳಲ್ಲ. "ಇವ್ರಿಗೆ ಹೊಟ್ಟೆ ಉರೀದಿದ್ರೆ ಇವತ್ತಿಗೂ ಮಂಕ್ರಿನೇ ಹೊರ್ತಿದ್ರು. ಆ ಉರಿ ಮ್ಯಾಲೇ ನಮ್ಮನೆ ಮುದ್ದೆ ಬೇಯಾದು" ಅಂತ ಬಂದವರ ಮುಂದೆಲ್ಲ ಹೇಳುತ್ತಾಳೆ.

ಇಂಥವನ ಕೈಗೆ ಚಳ್ಳಕೆರೆಯ ವಿಶ್ವನಾಥ್ ಸಾವ್ಕಾರ್ರು ತಮ್ಮ ಮೊದಲನೇ ಚೈನ್ ಮಿಷಿನ್ ಕೊಟ್ಟಿದ್ದರು. ಅವರದು ಎಣ್ಣೆ ಮಿಲ್ಲಿನ ಮನೆತನ, ಮಣ್ಣಿನ ಕೆಲಸ ಹೊಸದಾಗಿ ಹಿಡಿದಿದ್ದರು. ಮಿಷಿನ್ನಿನ ಬಣ್ಣ ಹೋಗಿ ಕ್ಯಾಬಿನ್ನಿನ ಬಾಗಿಲು ತಂತಿ ಕಟ್ಟಿಸಿಕೊಳ್ಳುವ ಕಾಲ ಬಂದರೂ ಹನುಮಂತರಾಜಣ್ಣ ಅದನ್ನು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಸಾವ್ಕಾರ್ರಿಗೆ ಇದ್ದದ್ದು ಅದೊಂದೇ ಮಿಷಿನ್, ಇವನೊಬ್ಬನೇ ಆಪರೇಟರ್. ಆ ತನಕ ಎಲ್ಲ ಸುಖವಾಗಿತ್ತು.

ಈ ವರ್ಷ ಬಿ.ಜಿ. ಕೆರೆ ಕಡೆ ಒಂದು ಕೆರೆಯ ಹೂಳು ತೆಗೆಯುವ ಕೆಲಸ ಸಿಕ್ಕಿತು. ಸಾವ್ಕಾರ್ರು ಇನ್ನೊಂದು ಹೊಸ ಮಿಷಿನ್ ತಂದರು. ಅದರ ಜೊತೆಗೆ ಅದನ್ನು ಓಡಿಸಲು ಕೊಂಡ್ಲಹಳ್ಳಿಯ ಮಾರುತೇಶನೂ ಬಂದ.

ಮಾರುತೇಶ ಒಳ್ಳೆ ಹುಡುಗ. ಮೀಸೆ ಈಗಷ್ಟೇ ದಪ್ಪಗಾಗುತ್ತಿದೆ, "ಅಣ್ಣ ಅಣ್ಣ" ಅನ್ನುತ್ತಾ ಹಿಂದೆಯೇ ಬರುತ್ತಿದ್ದ. ಆದರೆ ಅವನ ಕ್ಯಾಬಿನ್ನಿನಲ್ಲಿ ಎ.ಸಿ. ಇತ್ತು. ಸೀಟು ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಹೋಗುತ್ತಿತ್ತು. ಹಿಂದೆ ಏನಿದೆ ಅಂತ ತೋರಿಸುವ ಸಣ್ಣ ಟಿ.ವಿ. ಇತ್ತು. ಹನುಮಂತರಾಜಣ್ಣ ಮೂರನ್ನೂ ಬೈದ. ಎ.ಸಿ.ಯಿಂದ ಮೂಳೆ ಹಿಡಿಯುತ್ತದೆ, ಕುಣಿಯುವ ಸೀಟಿನಿಂದ ಬೆನ್ನು ಹೋಗುತ್ತದೆ, ಟಿ.ವಿ. ನೋಡುವವನು ಹಿಂದೆ ತಿರುಗಿ ನೋಡುವುದನ್ನೇ ಮರೆಯುತ್ತಾನೆ ಅಂತ. ಬೈದು ಬಂದು ತನ್ನ ಸೀಟಿನಲ್ಲಿ ಕೂತರೆ ಹರಿದ ರೆಕ್ಸಿನ್ನು ತೊಡೆಗೆ ಚುಚ್ಚುತ್ತಿತ್ತು.

"ಆ ಹುಡ್ಗನ್ನ ಒಂದಿನ ಊಟಕ್ಕೆ ಕರ್ಕಂಡ್ ಬರ್ರಿ, ಪಾಪ, ಹೋಟ್ಲಾಗೆ ತಿಂತೈತಂತೆ" ಅಂದಳು ಪಾಪಕ್ಕ.

"ಅದಕ್ಯಾಕೆ ಊಟ? ಎ.ಸಿ. ಗಾಳಿ ಕುಡ್ಕಂಡು ಇರ್ತೈತೆ ಬಿಡು."

ಎಲ್ಲಕ್ಕಿಂತ ಕಣ್ಣು ಚುಚ್ಚಿದ್ದು ಹೊಸ ಮಿಷಿನ್ನಿನ ಚೈನು. ಕಬ್ಬಿಣದ ಪಟ್ಟಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಮೇಲುಗಡೆ ದಾರ ಎಳೆದ ಹಾಗೆ ನೆಟ್ಟಗೆ ಬಿಗಿಯಾಗಿತ್ತು. ಇವನದ್ದು ಸವೆದ ಚೈನು, ನಡುವೆ ಹೊಟ್ಟೆ ಬಿಟ್ಟುಕೊಂಡು ಜೋಲುತ್ತಿತ್ತು. ಅದೇನೂ ರೋಗವಲ್ಲ. ಕೆರೆಯೊಳಗೆ ಕೆಲಸ ಮಾಡುವಾಗ ಚೈನು ಸ್ವಲ್ಪ ಸಡಿಲವೇ ಇರಬೇಕು. ಹೂಳು ಹೋಗಿ, ಚೈನನ್ನು ತಿರುಗಿಸುವ ಹಲ್ಲುಚಕ್ರಕ್ಕೂ ಚೈನಿಗೂ ನಡುವೆ ಗಟ್ಟಿಯಾಗಿ ಕೂತುಬಿಡುತ್ತದೆ, ಕೂತಷ್ಟೂ ಚೈನು ತಾನಾಗಿಯೇ ಬಿಗಿಯುತ್ತದೆ. ಇದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವನು ಹನುಮಂತರಾಜಣ್ಣನೇ.

ಆದರೆ ಕೆರೆ ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂರುವ ಅಜ್ಜಪ್ಪ ಅಂತ ಒಬ್ಬ ಮುದುಕ. ಎರಡೂ ಮಿಷಿನ್ ಅಕ್ಕಪಕ್ಕ ನಿಂತಿದ್ದ ಒಂದು ಬೆಳಿಗ್ಗೆ ಅವನು ಅಲ್ಲಿಂದಲೇ ಕೂಗಿದ.

"ಏನೋ ಹನುಮಂತ, ನಿನ್ ಮಿಷಿನ್ ಚಡ್ಡಿ ಜಾರ್ತಾ ಐತಲ್ಲೋ! ಆ ಹುಡ್ಗಂದು ನೋಡು, ಹೆಂಗೆ ಲಾಡಿ ಬಿಗ್ದು ನಿಂತೈತೆ!"

ಹೂಳು ಸಾಗಿಸುವ ಟಿಪ್ಪರಿನವರೆಲ್ಲ ನಕ್ಕರು. ಮಾರುತೇಶ ನಗಲಿಲ್ಲ, ಬಾಯಿಗೆ ಕೈ ಅಡ್ಡ ಹಿಡಿದ. ನಕ್ಕಿದ್ದರೂ ಪರವಾಗಿರಲಿಲ್ಲ.

ಮಾರನೆಯ ದಿನ ಬೇರೆ ಯಾರೂ ಬರುವ ಮೊದಲೇ ಹನುಮಂತರಾಜಣ್ಣ ಗ್ರೀಸ್ ಗನ್ ಹಿಡಿದು ಎಡಗಡೆ ಚೈನಿನ ಪಕ್ಕ ಕೂತ. ಚೈನಿನ ಒಳಗೆ ಒಂದು ಸಿಲಿಂಡರ್ ಇರುತ್ತದೆ. ಅದಕ್ಕೆ ಗ್ರೀಸ್ ತುಂಬಿದರೆ ಮುಂದಿನ ಚಕ್ರ ಮುಂದಕ್ಕೆ ತಳ್ಳಿಕೊಂಡು ಚೈನು ಬಿಗಿಯುತ್ತದೆ. ಅವನು ಒತ್ತಿದ, ಒತ್ತಿದ, ಚೈನಿನ ಹೊಟ್ಟೆ ಮಾಯವಾಗುವ ತನಕ ಒತ್ತಿದ. ಬಲಗಡೆಯದರ ಬಾಯಿಗೆ ಮಣ್ಣು ಕಟ್ಟಿತ್ತು, ಗ್ರೀಸ್ ಹೋಗಲಿಲ್ಲ. ಹೋಗಲಿ ಬಿಡು ಅಂತ ಬಿಟ್ಟ. ಏರಿಯ ಮೇಲಿನಿಂದ ಕಾಣುವುದು ಎಡಗಡೆ ತಾನೇ.

ಅವತ್ತು ಅಜ್ಜಪ್ಪ ಕುರಿ ಹೊಡೆದುಕೊಂಡು ಬೇರೆ ಕಡೆ ಹೋಗಿದ್ದ.

ಅದಾದ ಮೇಲೆ ಮಿಷಿನ್ನಿನ ನಡೆ ಕೆಡುತ್ತಾ ಬಂತು. ಎರಡೂ ಲಿವರ್ ಸಮವಾಗಿ ಮುಂದಕ್ಕೆ ಹಾಕಿದರೂ ಗಾಡಿ ನೆಟ್ಟಗೆ ಹೋಗುವುದು ಬಿಟ್ಟು ಎಡಕ್ಕೆ ಎಳೆಯುತ್ತಿತ್ತು. ಮೊದಲು ಕೆಸರು ಅಂದುಕೊಂಡ. ಗಟ್ಟಿ ನೆಲದ ಮೇಲೂ ಅದೇ ಕತೆ.

"ಅಣ್ಣ, ಗಾಡಿ ಎಡಕ್ಕೆ ಎಳೀತೈತಲ್ಲ?" ಅಂದ ಮಾರುತೇಶ.

"ಎಳೀತಾ ಇಲ್ಲ. ನಾನೇ ತಿರುಗಿಸ್ದೆ."

"ಅಲ್ಲೇನೈತಣ್ಣ?"

"ನೆರಳು ಐತೆ."

ಆ ಬಯಲಲ್ಲಿ ಒಂದು ಜಾಲಿ ಗಿಡವೂ ಇರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಕೆರೆಯಿಂದ ಮೇಲೆ ಹತ್ತುವ ದಾರಿಯಲ್ಲಿ ಎಡಗಡೆ ಚೈನು ನಿಂತೇಬಿಟ್ಟಿತು. ಬಲಗಡೆಯದು ತಿರುಗುತ್ತದೆ, ಎಡಗಡೆಯದು ಗೊರ್ ಅಂದು ಕೂರುತ್ತದೆ, ಮಿಷಿನ್ ಇದ್ದಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಹಿಂದೆ ಟಿಪ್ಪರುಗಳು ಸಾಲುಗಟ್ಟಿ ಹಾರನ್ ಹೊಡೆದವು. ಹೇಗೋ ಹಿಂದಕ್ಕೆ ಜಾರಿಸಿಕೊಂಡು ಬಂದು ಸಮನೆಲದಲ್ಲಿ ನಿಲ್ಲಿಸಿದ. ಹೊಸ ಮಿಷಿನ್ ಅದೇ ದಾರಿಯಲ್ಲಿ ಸರಸರನೆ ಹತ್ತಿ ಹೋಯಿತು. ಅದನ್ನು ನೋಡಬಾರದು ಅಂತ ಹನುಮಂತರಾಜಣ್ಣ ಬಗ್ಗಿ ಚಪ್ಪಲಿ ಸರಿಮಾಡಿಕೊಂಡ.

ಚಳ್ಳಕೆರೆಯಿಂದ ಮೆಕ್ಯಾನಿಕ್ ದುರುಗಣ್ಣ ಬಂದ. ಹನುಮಂತರಾಜಣ್ಣನ ಓರಗೆಯವನು, ಹಳೇ ದೋಸ್ತಿ. ಹಾರಿಸಿ ಮಾತಾಡುತ್ತಾನೆ, ಕೆಲಸ ಮಾತ್ರ ಹಾರಿಸುವುದಿಲ್ಲ. ಆಯಿಲ್ ನೋಡಿದ, ಪೈಪು ಸೋರುತ್ತಿದೆಯಾ ನೋಡಿದ. ಚೈನಂತೂ ಹೂಳು ಮೆತ್ತಿ ಗೋಡೆಯ ಹಾಗಾಗಿತ್ತು, ಒಳಗೆ ಬಿಗಿಯೋ ಸಡಿಲವೋ ಕಾಣುವಂತಿರಲಿಲ್ಲ. ಅದಕ್ಕೇ ಕೇಳಿದ.

"ಲೇ ಹನುಮಂತ, ಚೈನ್ ಏನಾರ ಮುಟ್ಟಿದ್ಯಾ?"

ಮಾರುತೇಶ ಪಕ್ಕದಲ್ಲೇ ನಿಂತಿದ್ದ.

"ಇಲ್ಲ" ಅಂದ ಹನುಮಂತರಾಜಣ್ಣ.

ಇವನಂಥ ಆಪರೇಟರೇ ಮುಟ್ಟಿಲ್ಲ ಅಂದ ಮೇಲೆ ದುರುಗಣ್ಣ ಆ ಕಡೆ ತಲೆ ಹಾಕಲಿಲ್ಲ. ಮಿಷಿನ್ನಿನ ಮಧ್ಯೆ ಎರಡೂ ಚೈನಿನ ಮೋಟಾರುಗಳಿಗೆ ಹೋಗುವ ಪೈಪುಗಳಿವೆ. ಅವನ್ನು ಬಿಚ್ಚಿ ಅದಲು ಬದಲು ಮಾಡಿ ಜೋಡಿಸಿದ. ಲೆಕ್ಕ ಸುಲಭ. ಈಗ ಬಲಗಡೆ ಸೋತರೆ ರೋಗ ಮೇಲಿನದು, ಪಂಪೋ ವಾಲ್ವೋ ಕೆಟ್ಟಿದೆ. ಪೈಪು ಬದಲಿಸಿದರೂ ಎಡಗಡೆಯೇ ಸೋತರೆ ರೋಗ ಎಡಗಡೆ ಕೆಳಗೇ ಇದೆ.

"ಓಡ್ಸು ನೋಡಾನ."

ಹನುಮಂತರಾಜಣ್ಣ ಲಿವರ್ ಹಾಕಿದ. ಎಡಗಡೆಯೇ ಗೊರ್ ಅಂದಿತು.

"ಕೆಳಗಿಂದೇ. ಮೋಟಾರ್ ಹೋಗೈತೆ" ಅಂದ ದುರುಗಣ್ಣ.

ಕ್ಯಾಬಿನ್ನಿನಲ್ಲಿ ಕೂತಿದ್ದವನಿಗೆ ಇದೆಲ್ಲ ಆ ಗ್ರೀಸ್ ಗನ್ನಿನದೇ ಕೆಲಸ ಅಂತ ಆಗ ಹೊಳೆಯಿತು. ಮೋಟಾರ್ ಹೋಗಿಲ್ಲ, ಏನೂ ಹೋಗಿಲ್ಲ. ತಾನು ಬಿಗಿದದ್ದರ ಮೇಲೆ ಹೂಳು ಕೂತು ಒಣಗಿ, ಮೋಟಾರು ತಿರುಗಲಾರದೆ ಒದ್ದಾಡುತ್ತಿದೆ. ಒಂದು ಸ್ಪ್ಯಾನರ್ ತಗೊಂಡು ಗ್ರೀಸ್ ಬಿಟ್ಟರೆ ಮುಗಿಯಿತು. ಆದರೆ ಯಾಕೆ ಬಿಗಿದೆ ಅಂತ ಕೇಳಿದರೆ?

ಅಷ್ಟರಲ್ಲಿ ವಿಶ್ವನಾಥ್ ಸಾವ್ಕಾರ್ರ ಕಾರು ಬಂತು. ದುರುಗಣ್ಣ ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡರು. ಮಿಷಿನ್ನನ್ನು ಒಂದು ಸುತ್ತು ಹಾಕಿದರು.

"ಮೋಟಾರೂ ಹೋತಾ? ಸಾಕು ಬಿಡ್ರಪ್ಪ. ರಾಯದುರ್ಗದವ್ರು ಹಳೇದು ಇದ್ರೆ ಕೊಡಿ ಅಂತಿದ್ರು, ಕೊಟ್ಟುಬಿಡ್ತೀನಿ. ಹನುಮಂತರಾಜು, ನೀನು ಬೇಜಾರ್ ಮಾಡ್ಕಬ್ಯಾಡ. ಮಾರುತೇಶನ್ ಜತೆಗೆ ಇರು, ಅವ್ನು ಇಳಿದಾಗ ಹೊಸದ್ನ ನೀನು ಓಡ್ಸು."

ಮಾರುತೇಶ ಇಳಿದಾಗ! ಬೇರೆಯವನ ಬಿಸಿ ಆರದ ಸೀಟಿನಲ್ಲಿ! ಹನುಮಂತರಾಜಣ್ಣನ ಮುಖ ಹುಣಸೆಹಣ್ಣಿನ ಹಾಗೆ ಕಪ್ಪಿಟ್ಟಿತು.

ಹೇಳಬೇಕು, ಈಗಲೇ ಹೇಳಬೇಕು. ಆದರೆ ಮಾರುತೇಶ ಅಲ್ಲಿಂದ ಕದಲಲೊಲ್ಲ.

"ಲೇ ಮಾರುತೇಶ, ನಿನ್ ಮಿಷಿನ್ ಹತ್ರ ಯಾರೋ ನಿಂತಂಗೈತೆ, ಹೋಗಿ ನೋಡೋ."

"ನಮ್ ಟಿಪ್ಪರ್ ಡ್ರೈವರಣ್ಣ."

"ಡೀಜಲ್ ಗೀಜಲ್ ನೋಡ್ಕಂಡು ಬಾ ಹೋಗು."

"ತುಂಬ್ಸೀನಿ. ನಿನ್ ಗಾಡಿ ಹಿಂಗಾಗಿರುವಾಗ ನಾನೆಲ್ಲಿ ಹೋಗ್ಲಣ್ಣ?"

ನಿಜಕ್ಕೂ ಕಣ್ಣಲ್ಲಿ ನೀರು ತಂದುಕೊಂಡಿದ್ದ ಹುಡುಗ. ಅದನ್ನು ನೋಡಿ ಹನುಮಂತರಾಜಣ್ಣನಿಗೆ ಇನ್ನಷ್ಟು ಉರಿಯಿತು, ಮರುಕದಲ್ಲೂ ಇವನೇ ಮುಂದಾ ಅಂತ. ಸಾವ್ಕಾರ್ರು ಜೇಬಿನಿಂದ ಫೋನು ತೆಗೆದು ರಾಯದುರ್ಗದವರ ನಂಬರು ಹುಡುಕತೊಡಗಿದರು.

ಹನುಮಂತರಾಜಣ್ಣ ದುರುಗಣ್ಣನ ಪೆಟ್ಟಿಗೆಗೆ ಕೈ ಹಾಕಿ ಸ್ಪ್ಯಾನರ್ ಎಳೆದುಕೊಂಡ. ಸೀದಾ ಹೋಗಿ ಎಡಗಡೆ ಚೈನಿನ ಪಕ್ಕ ಕೂತ. ಮಣ್ಣು ಕೆರೆದು, ಮುಖ ಒಂದು ಬದಿಗೆ ಇಟ್ಟುಕೊಂಡು, ಗ್ರೀಸ್ ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ಸಡಿಲಿಸಿದ. ಒಳಗೆ ಕಟ್ಟಿಹಾಕಿದ್ದ ಗ್ರೀಸು ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಹೊರಗೆ ಬಂತು. ಬರುತ್ತಲೇ ಇತ್ತು.

ದುರುಗಣ್ಣ ಸೊಂಟಕ್ಕೆ ಕೈ ಕೊಟ್ಟು ನಿಂತ. "ಇಷ್ಟು ಗ್ರೀಸಾ? ಮುಟ್ಟಿಲ್ಲ ಅಂದ್ಯಲ್ಲೋ ಕಳ್ಳ!"

"ಮುಟ್ಟಿದ್ದೆ."

"ಹೂಳಿನಾಗೆ ಹಿಂಗೆ ಬಿಗೀತಾರೇನೋ? ನೀನೇ ಎಲ್ರಿಗೂ ಬೈತಿದ್ದೆ. ಯಾಕ್ಲೇ ಬಿಗ್ದಿ?"

ಹನುಮಂತರಾಜಣ್ಣ ತಲೆ ಎತ್ತಲಿಲ್ಲ. ಸ್ಪ್ಯಾನರಿನಿಂದ ಹೊಸ ಮಿಷಿನ್ನಿನ ಕಡೆ ತೋರಿಸಿದ.

"ಅದನ್ನ ನೋಡಿ ಬಿಗ್ದೆ."

ದುರುಗಣ್ಣ ನಕ್ಕ ನಗುವಿಗೆ ಏರಿಯ ಮೇಲಿದ್ದ ಕುರಿಗಳೂ ತಲೆ ಎತ್ತಿದವು. ಸಾವ್ಕಾರ್ರು ಫೋನು ಹಿಡಿದುಕೊಂಡೇ ನಕ್ಕರು. ಮಾರುತೇಶ ಒಬ್ಬನೇ ಗಾಬರಿಯಾಗಿ, "ಅಣ್ಣ, ಹೊಸ ಚೈನ್ ಹಂಗೇ ಇರ್ತೈತಣ್ಣ. ನಾನೇನೂ ಮಾಡಿಲ್ಲ, ಅದನ್ನ ಮುಟ್ಟೂ ಇಲ್ಲ" ಅಂದ.

ಈ ಮಾತು ಎಲ್ಲರ ನಗುವಿಗಿಂತ ಹೆಚ್ಚು ನೋವು ಕೊಟ್ಟಿತು. ತಾನು ಬೆವರು ಸುರಿಸಿ ಮಾಡಿದ್ದು ಇವನಿಗೆ ಏನೂ ಮಾಡದೆ ಬಂದಿದೆ!

"ಸಾವ್ಕಾರ್ರೇ, ಫೋನ್ ಮಾಡಬ್ಯಾಡ್ರಿ" ಅಂದ ಹನುಮಂತರಾಜಣ್ಣ. "ನಡೆಸಿ ತೋರಿಸ್ತೀನಿ. ಆಮ್ಯಾಲೆ ನೋಡ್ರಿ."

ಬಕೆಟ್ಟನ್ನು ನೆಲಕ್ಕೆ ಊರಿ ಎಡಗಡೆಯನ್ನು ಮೇಲಕ್ಕೆತ್ತಿ, ಹಾರೆ ಹಿಡಿದು ಹಲ್ಲುಚಕ್ರದ ಸುತ್ತ ಇಟ್ಟಿಗೆಯ ಹಾಗೆ ಕೂತಿದ್ದ ಹೂಳನ್ನು ಒಡೆಯಲು ನಿಂತ. ಮಾರುತೇಶ ಸಲಿಕೆ ತಗೊಂಡು ಬಂದ.

"ಮುಟ್ಟಬ್ಯಾಡ."

"ಅಣ್ಣ, ಬೇಗ ಆಗ್ತೈತೆ."

"ಮುಟ್ಟಬ್ಯಾಡ ಅಂದೆ. ಇದು ನನ್ ಮಿಷಿನ್ನು."

ದುರುಗಣ್ಣ ಪೈಪುಗಳನ್ನು ಮೊದಲಿದ್ದ ಹಾಗೆ ಜೋಡಿಸಿದ. ಚೈನು ಮತ್ತೆ ಹೊಟ್ಟೆ ಬಿಟ್ಟುಕೊಂಡು ಜೋಲಿತು. ಹನುಮಂತರಾಜಣ್ಣ ಕ್ಯಾಬಿನ್ ಹತ್ತಿ ಎರಡೂ ಲಿವರ್ ಒಟ್ಟಿಗೆ ತಳ್ಳಿದ. ಮಿಷಿನ್ ಒಮ್ಮೆ ಮೈ ಕೊಡವಿ ಹೊರಟಿತು. ಎಡಕ್ಕಿಲ್ಲ, ಬಲಕ್ಕಿಲ್ಲ. ಕೆರೆಯ ಅಂಗಳದಲ್ಲಿ ಹಗ್ಗ ಎಳೆದ ಹಾಗೆ ನೆಟ್ಟಗೆ ಹೋಯಿತು, ಹತ್ತುವ ದಾರಿಯನ್ನು ಒಂದೇ ಉಸಿರಿಗೆ ಹತ್ತಿತು.

ಸಾವ್ಕಾರ್ರು ಫೋನನ್ನು ಜೇಬಿಗೆ ಹಾಕಿಕೊಂಡರು. "ಇರ್ಲಿ ಬಿಡು, ಓಡ್ಸು" ಅಂತ ಕೈ ಎತ್ತಿ ಕಾರಿನ ಕಡೆ ಹೋದರು.

ಏರಿಯ ಮೇಲೆ ಮಿಷಿನ್ ನಿಲ್ಲಿಸಿ ಹನುಮಂತರಾಜಣ್ಣ ಬಾಗಿಲಿನಿಂದ ತಲೆ ಹೊರಗೆ ಹಾಕಿ ಕೆಳಗೆ ನೋಡಿದ. ಮಾರುತೇಶ ಈ ಕಡೆಗೆ ಬೆನ್ನು ಮಾಡಿ, ದುರುಗಣ್ಣನಿಗೆ ತನ್ನ ಕ್ಯಾಬಿನ್ನಿನೊಳಗಿನ ಟಿ.ವಿ. ತೋರಿಸುತ್ತಿದ್ದ. ದುರುಗಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಲೇ ಮಾರುತೇಶಾ! ನೋಡಿದ್ಯೇನೋ?"

"ಏನಣ್ಣಾ?"

"ಏನಿಲ್ಲ" ಅಂದ ಹನುಮಂತರಾಜಣ್ಣ. ಮಿಷಿನ್ ತಿರುಗಿಸಿಕೊಂಡು ಕೆಳಗಿಳಿದು, ಹೊರಟ ಜಾಗಕ್ಕೇ ಬಂದು ನಿಂತ. ಜೋರಾಗಿ ಹಾರನ್ ಹೊಡೆದ. ಅವರಿಬ್ಬರೂ ಇತ್ತ ತಿರುಗುವ ತನಕ ಕಾದು, ಮತ್ತೆ ಎರಡೂ ಲಿವರ್ ಒಟ್ಟಿಗೆ ತಳ್ಳಿದ.