ಹ್ಯಾರಿಯೆಟ್ ಅತ್ತಿಗೆ ಕಟ್ಟಿದ ಕೆಂಪು ಬಟ್ಟೆ

ನಮ್ಮ ವಾಪಿಸ್ತಾನ್ ನದಿ ಉತ್ತರಕ್ಕೆ ಹರಿದು ಜೇಮ್ಸ್ ಕೊಲ್ಲಿ ಸೇರುತ್ತದೆ. ಊರಿನಿಂದ ಮೇಲಕ್ಕೆ ಅರ್ಧ ದಿನದ ದಾರಿಯಲ್ಲಿ ದೊಡ್ಡ ಜಲಪಾತವಿದೆ. ಮೇಲಿನಿಂದ ಬರುವವರು ಅದಕ್ಕಿಂತ ಮುಂಚೆಯೇ ದಡ ಹತ್ತಿ, ದೋಣಿಯನ್ನು ಹೆಗಲ ಮೇಲೆ ಹೊತ್ತು ಕಾಡಿನ ಕಾಲುದಾರಿಯಲ್ಲಿ ಇಳಿಯಬೇಕು. ನಮ್ಮ ಕ್ರೀ ಬುಡಕಟ್ಟಿನ ಅಜ್ಜಂದಿರು ತುಪ್ಪಳ ವ್ಯಾಪಾರದ ಕಂಪನಿಯವರ ಮೂಟೆ ಹೊತ್ತು ಸವೆಸಿದ ದಾರಿ ಅದು. ಈಗ ಬೇಸಿಗೆ ಬಂತೆಂದರೆ ಪೇಟೆಯವರು ಬಣ್ಣಬಣ್ಣದ ದೋಣಿ ತಂದು ಅಲ್ಲೇ ಏದುಸಿರು ಬಿಡುತ್ತಾರೆ.

"ನಮ್ಮಜ್ಜ ಬೆನ್ನು ಮುರ್ಕೊಂಡ ದಾರೀಲಿ ಇವರು ರಜಾ ಹಾಕಿ ಬಂದು ಹೊರೆ ಹೊರ್ತಾರಲ್ಲೇ ಮಿನ್ನೀ! ಬುದ್ಧಿ ನೆಟ್ಟಗಿದೆಯಾ ಇವರಿಗೆ?" ಎಂದು ನಮ್ಮತ್ತಿಗೆ ಹ್ಯಾರಿಯೆಟ್ ನಗುತ್ತಿದ್ದಳು. ನಕ್ಕರೂ, ಊರು ಮುಟ್ಟಿದ ಒಬ್ಬರನ್ನೂ ರೊಟ್ಟಿ, ಹೊಗೆಮೀನು ತಿನ್ನಿಸದೆ ಕಳಿಸಿದವಳಲ್ಲ.

ಅವಳ ಗಂಡ ಸೈಲಸ್, ಅಂದರೆ ನನ್ನಣ್ಣ, ಈ ಜನಕ್ಕೆ ದಾರಿ ತೋರಿಸುವ ಕೆಲಸದವನು. ಐದು ವರ್ಷದ ಹಿಂದೆ, ನದಿಯ ಹಿಮಗಡ್ಡೆ ಒಡೆದ ವಾರದಲ್ಲೇ, ಕಾಲುದಾರಿಗೆ ಬಿದ್ದ ಮರ ಕಡಿಯಲು ಹೋದ. "ಇನ್ನೆರಡು ದಿನ ತಡೆಯೋ" ಎಂದರೆ ಕೇಳಿದನೇ ಹಟಮಾರಿ! ದಡ ಹತ್ತುವ ಜಾಗದಿಂದ ಸ್ವಲ್ಪ ಕೆಳಗೆ, ಜಲಪಾತದ ಸೆಳೆತ ಶುರುವಾಗುವಲ್ಲಿ, ನೀರಿಗೆ ಬಾಗಿದ ಸ್ಪ್ರೂಸ್ ಮರದಲ್ಲಿ ಅವನ ಟೋಪಿ ಸಿಕ್ಕಿತು. ಹೆಣ ಸಿಗಲಿಲ್ಲ.

ನೀರು ತನ್ನಲ್ಲೇ ಇಟ್ಟುಕೊಂಡವನಿಗೆ ದಡ ಕಾಣಲೆಂದು, ಹೆಣ ಸಿಗುವವರೆಗೆ ಬಟ್ಟೆ ಕಟ್ಟುವುದು ನಮ್ಮ ಮನೆತನದ ಪದ್ಧತಿ. ಅತ್ತಿಗೆ ಆ ಮರಕ್ಕೇ ಕೆಂಪು ಬಟ್ಟೆ ಕಟ್ಟಿದಳು. ಪ್ರತಿ ವರ್ಷ ಹೊಸದು.

"ಸತ್ತವನಿಗೆ ಕಣ್ಣು ಕಾಣುತ್ತಾ ಅತ್ತಿಗೆ?" ಎಂದು ಒಮ್ಮೆ ರೇಗಿದೆ.

"ನಿನ್ನಣ್ಣಂಗೆ ಬದುಕಿದ್ದಾಗ್ಲೂ ನಾನು ತೋರಿಸಿದ್ರೇನೇ ಕಾಣ್ತಿದ್ದಿದ್ದು. ಸುಮ್ನಿರು" ಎಂದಳು.

ದಡ ಹತ್ತುವ ಜಾಗ ನಮಗೆ ಹುಟ್ಟಿದಾಗಿನಿಂದ ಗೊತ್ತು, ಗುರುತು ಯಾಕೆ ಬೇಕು? ಹೊರಗಿನವರು ಅಂಥ ಜಾಗಕ್ಕೆ ಬಣ್ಣದ ಪಟ್ಟಿ ಕಟ್ಟಿ ಗುರುತು ಮಾಡುತ್ತಾರೆ ಎಂಬುದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಹೋದ ಜುಲೈಯಲ್ಲಿ ಗ್ರೆಗರ್, ಲೀನಾ ಎಂಬ ಗಂಡಹೆಂಡತಿಯ ದೋಣಿ ಜಲಪಾತಕ್ಕೆ ಬಿತ್ತು. ಅವನು ಬಂಡೆ ಹಿಡಿದು ಉಳಿದ. ಅವಳ ಹೆಣವನ್ನು ಎರಡನೆಯ ಬೆಳಿಗ್ಗೆ ಹುಡುಕಿ ತಂದವಳು ನಮ್ಮತ್ತಿಗೆಯೇ. ತರುವ ಮುಂಚೆ ಆ ಹುಡುಗಿಯ ಕೂದಲಿನ ಮರಳನ್ನೆಲ್ಲ ಬೆರಳಲ್ಲಿ ಬಿಡಿಸಿದಳು.

ಗ್ರೆಗರ್ ಅತ್ತಿಗೆಯ ಅಡುಗೆಮನೆಯಲ್ಲಿ ಕೂತಿದ್ದ. ಮುಂದಿಟ್ಟ ಚಹಾ ಆರಿಹೋಗಿತ್ತು.

"ಕೆಂಪು ಬಟ್ಟೆ ಕಾಣಿಸ್ತು. ಅಲ್ಲೇ ದಡ ಹತ್ತಬೇಕು ಅಂದ್ಕೊಂಡ್ವಿ. ಅಷ್ಟರಲ್ಲಿ ಸೆಳೆತ ಎಳ್ಕೊಂಡುಬಿಡ್ತು. ಯಾರು ಕಟ್ಟಿದ್ರೋ."

ಬಾಯಿ ಬಿಡಬೇಡ ಎಂದು ಮೇಜಿನ ಕೆಳಗೆ ಅತ್ತಿಗೆಯ ಕಾಲು ಒತ್ತಿದೆ. ನಾವು ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನಾನೇ ಕಟ್ಟಿದ್ದು ಕಣಪ್ಪಾ" ಎಂದಳು. ಯಾಕೆ ಎಂಬುದನ್ನೂ ಹೇಳಿದಳು.

ಅವನು ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿದ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

"ಅವರು ಸಿಕ್ಕಿದ್ರಾ?" ಎಂದು ಕೇಳಿದ.

"ಇಲ್ಲ."

"ನನಗೆ ಲೀನಾ ಸಿಕ್ಕಿದ್ಲು. ನೀವೇ ಹುಡುಕಿಕೊಟ್ರಿ" ಎಂದವನೇ ಬಿಕ್ಕಿಬಿಕ್ಕಿ ಅತ್ತ. ಅತ್ತಿಗೆ ಅವನ ಬೆನ್ನು ಸವರಲು ಕೈ ಚಾಚಿ, ಮುಟ್ಟುವ ಧೈರ್ಯ ಸಾಲದೆ ಹಿಂದಕ್ಕೆ ತೆಗೆದುಕೊಂಡಳು.

ಮಾರನೆಯ ದಿನ ಅತ್ತಿಗೆಯೂ ನಾನೂ ಜಲಪಾತದ ಬುಡದವರೆಗೆ ದೋಣಿಯಲ್ಲಿ ಹೋಗಿ, ಮೇಲಕ್ಕೆ ನಡೆದೆವು. ಮರಕ್ಕೆ ಕಟ್ಟಿದ ಬಟ್ಟೆಯ ಗಂಟು ಬಿಗಿದುಹೋಗಿತ್ತು. "ಚಾಕು ಕೊಡ್ಲಾ?" ಎಂದೆ. ಬೇಡವೆಂದು ತಲೆಯಾಡಿಸಿ, ಉಗುರಿನಿಂದಲೇ ಬಿಡಿಸಿದಳು. ಬಟ್ಟೆ ಕೈಗೆ ಬಂದ ಮೇಲೆ ನೀರಿನ ಕಡೆ ತಿರುಗಿದಳು.

"ಸೈಲಸ್, ನಾನಿನ್ನು ಕಾಯಲ್ಲ ಕಣೋ. ನೀನು ಬರೋದು ಬೇಡ."

ಜಲಪಾತದ ಸದ್ದಿಗೆ ಅದನ್ನು ಎರಡು ಸಲ ಕೂಗಿ ಹೇಳಬೇಕಾಯಿತು.